ಹಿಮ ಕರಗಿದ ಮೇಲೆ ನೆಲ ಏಳುವ ಲೆಕ್ಕ: ಮೂರನೇ ವಾರ

ಮೊದಲ ವಾರ ನಾನೇ ಎಡವಟ್ಟು ಮಾಡಿದ್ದೆ. ಹಿಮಯುಗದ ಹಿಮದ ಹಾಸಿನ ಭಾರಕ್ಕೆ ತಗ್ಗಾದ ನೆಲ, ಹಿಮ ಕರಗಿದ ಮೇಲೆ ಹೇಗೆ ಏಳುತ್ತದೆ ಎಂದು ಲೆಕ್ಕ ಹಾಕುವ, ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪೂರ್ತಿ ಮಾಡೆಲನ್ನೇ ಎಲ್ಲರ ಕೈಗೆ ಕೊಟ್ಟುಬಿಟ್ಟೆ. ಕಂಪೈಲ್ ಮಾಡುವುದರಲ್ಲೇ ದಿನ ಮುಗಿಯಿತು. ಕಲಿಯಲು ಬಂದ ಆರು ಜನರಲ್ಲಿ ಯಾರೂ ಭೂಭೌತ ವಿಜ್ಞಾನದವರಲ್ಲ. ಹಳೆಯ ಕರಾವಳಿ ನೆಲೆಗಳನ್ನು ಅಗೆಯುವವರಿದ್ದಾರೆ, ಉಪಗ್ರಹದ ಗುರುತ್ವ ಡೇಟಾ ನೋಡುವವರಿದ್ದಾರೆ. ಅವರಿಗೆ ಬೇಕಿದ್ದದ್ದು ಉತ್ತರವನ್ನು ಎಷ್ಟು ನಂಬಬಹುದು ಎನ್ನುವ ಅಂದಾಜು, ಅಷ್ಟೇ.

ಹಾಗಾಗಿ ಈ ವಾರ ಒಂದೇ ಸೂತ್ರ, ಒಂದು ಪೈಥಾನ್ ನೋಟ್‌ಬುಕ್ (ಕೋಡ್, ವಿವರಣೆ ಒಟ್ಟಿಗೆ ಇರುವ ಕಡತ). ಮ್ಯಾಂಟಲ್‌ನ, ಅಂದರೆ ಭೂಮಿಯ ತೊಗಟೆಯ ಕೆಳಗೆ ಬಹಳ ನಿಧಾನವಾಗಿ ಹರಿಯುವ ಬಂಡೆಯ ಪದರದ, ಸ್ನಿಗ್ಧತೆಯನ್ನು (ಹರಿಯಲು ಅದು ಒಡ್ಡುವ ತಡೆ) 4π ಇಂದ ಗುಣಿಸಿ, ಸಾಂದ್ರತೆ, ಗುರುತ್ವ, ತಗ್ಗಿನ ತರಂಗದೂರ (ತಗ್ಗು ಎಷ್ಟು ಅಗಲ ಎನ್ನುವ ಅಳತೆ) ಮೂರರ ಗುಣಲಬ್ಧದಿಂದ ಭಾಗಿಸಬೇಕು. ಬರುವುದು ಚೇತರಿಕೆಯ ಕಾಲ, ಅಂದರೆ ತಗ್ಗು ಮೊದಲಿದ್ದದ್ದರ 37%ಕ್ಕೆ ಇಳಿಯಲು ಬೇಕಾಗುವ ಸಮಯ. ಸ್ನಿಗ್ಧತೆ 10ರ 21ನೇ ಘಾತ ಪ್ಯಾಸ್ಕಲ್-ಸೆಕೆಂಡ್, ಸಾಂದ್ರತೆ ಘನ ಮೀಟರ್‌ಗೆ 3,300 ಕೆ.ಜಿ., ತರಂಗದೂರ 3,000 ಕಿ.ಮೀ. ಹಾಕಿದರೆ ಸುಮಾರು 4,100 ವರ್ಷ ಬರುತ್ತದೆ. ಒಬ್ಬರಿಗೆ 41 ಲಕ್ಷ ವರ್ಷ ಬಂತು! ಕಿ.ಮೀ. ಅನ್ನು ಮೀಟರ್ ಮಾಡಿರಲಿಲ್ಲ. ಆ ತಪ್ಪನ್ನು ಈಗ ಪಾಠದಲ್ಲೇ ಸೇರಿಸಿದ್ದೇನೆ.

ಆಮೇಲೆ ಬಂದದ್ದು ನನಗೆ ಜಾಸ್ತಿ ಇಷ್ಟವಾದ ಭಾಗ. ತರಂಗದೂರವನ್ನು 1,000 ಕಿ.ಮೀ. ಮಾಡಿದರೆ ಏನಾಗುತ್ತದೆ ಎಂದು ಮೊದಲೇ ಊಹಿಸಲು ಹೇಳಿದೆ. ಚಿಕ್ಕ ತಗ್ಗು ಬೇಗ ತುಂಬುತ್ತದೆ, ಅಲ್ವಾ? ಆರೂ ಜನ ಹಾಗೇ ಬರೆದರು. ಬಂದದ್ದು 12,300 ವರ್ಷ. ಆಳದವರೆಗೂ ಒಂದೇ ಥರ ಹರಿಯುವ ಮ್ಯಾಂಟಲ್‌ನಲ್ಲಿ ಅಗಲವಾದ ತಗ್ಗೇ ಬೇಗ ಏಳುತ್ತದೆ. ಐದು ನಿಮಿಷ ಯಾರೂ ಮಾತಾಡಲಿಲ್ಲ. ಸೂತ್ರ ತಪ್ಪಿರಬೇಕೆಂದು ಒಬ್ಬರು ಪೂರ್ತಿ ಮತ್ತೆ ಲೆಕ್ಕ ಹಾಕಿದರು.

ಮುಂದಿನದು ಸ್ಕ್ಯಾಂಡಿನೇವಿಯ. 3 ಕಿ.ಮೀ. ದಪ್ಪದ ಹಿಮ ಕೂತರೆ, ಹಿಮ ಮತ್ತು ಮ್ಯಾಂಟಲ್‌ನ ಸಾಂದ್ರತೆಗಳ ಅನುಪಾತದ ಪ್ರಕಾರ ನೆಲ ಸುಮಾರು 830 ಮೀಟರ್ ಕುಸಿಯಬೇಕು. ಚೇತರಿಕೆಯ ಕಾಲ ಮೊದಲಿನ 4,100 ವರ್ಷವೇ, ಭಾರ 10,000 ವರ್ಷದ ಹಿಂದೆ ಒಮ್ಮೆಲೇ ಹೋಯಿತು ಎಂದುಕೊಂಡರೆ ಇನ್ನೂ 73 ಮೀಟರ್ ಏಳುವುದು ಬಾಕಿ, ವೇಗ ವರ್ಷಕ್ಕೆ ಸುಮಾರು 18 ಮಿ.ಮೀ. ಸ್ವೀಡನ್-ಫಿನ್ಲೆಂಡ್ ನಡುವಿನ ಬೋತ್ನಿಯ ಕೊಲ್ಲಿಯ ಸುತ್ತ ಅಳತೆಯಲ್ಲಿ ಸಿಗುವುದು ಸುಮಾರು 10. ನಮ್ಮ ಆಟಿಕೆ ಮಾಡೆಲ್‌ಗೆ ಇದು ಸಾಕು ಎಂದೇ ನನ್ನ ಅಭಿಪ್ರಾಯ. ಎಲ್ಲಿ ತಪ್ಪಿತು ಎಂದು ಅವರೇ ಪಟ್ಟಿ ಮಾಡಿದರು: ಹಿಮ ಒಮ್ಮೆಲೇ ಕರಗಲಿಲ್ಲ, ನೆಲ ಪೂರ್ತಿ ಕುಸಿಯುವಷ್ಟು ಕಾಲ ಬಹುಶಃ ಕೂತಿರಲೂ ಇಲ್ಲ, ಮೇಲಿನ ಗಟ್ಟಿ ಪದರವನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಇನ್ನೂ ಕಾಡುತ್ತಿರುವುದು ಪ್ಲಸ್-ಮೈನಸ್ ಗೊಂದಲ. ನೆಲ ಎದ್ದರೆ ದಡದಲ್ಲಿ ನೀರು ಇಳಿದಂತೆ ಕಾಣುತ್ತದೆ. ಒಬ್ಬರ ಗ್ರಾಫ್ ಮೇಲೆ ಹೋದರೆ ಇನ್ನೊಬ್ಬರದು ಕೆಳಗೆ, ಇಬ್ಬರೂ ಸರಿ. 1731ರಲ್ಲಿ ಸ್ವೀಡನ್ನಿನ ಲೋವ್‌ಗ್ರುಂಡ್ ದ್ವೀಪದ ಬಂಡೆ ಮೇಲೆ ನೀರಿನ ಮಟ್ಟದ ಗುರುತು ಕೆತ್ತಿಸಿದ ಖಗೋಳ ವಿಜ್ಞಾನಿ ಆಂಡರ್ಸ್ ಸೆಲ್ಸಿಯಸ್ ಕೂಡ ನೀರೇ ಕಡಿಮೆಯಾಗುತ್ತಿದೆ ಎಂದುಕೊಂಡಿದ್ದ. ಈ ಕಥೆ ಹೇಳಿದ ಮೇಲೆ ಸುಮ್ನೆ ಒಂದು ನಿಯಮ ಮಾಡಿದೆವು: ಅಕ್ಷದ ಹೆಸರಲ್ಲಿ ‘ನೆಲ’ ಅಥವಾ ‘ನೀರು’ ಇಲ್ಲದ ಗ್ರಾಫ್ ನೋಡುವುದಿಲ್ಲ.

ಮುಂದಿನ ವಾರ ಹಿಮದ ಭಾರಕ್ಕೆ ಅದರ ಅಂಚಿನಾಚೆ ಎದ್ದಿದ್ದ ನೆಲದ ಉಬ್ಬು. ಹಿಮ ಹೋದ ಮೇಲೆ ಅಲ್ಲಿ ನೆಲ ಏಳುವ ಬದಲು ಇಳಿಯುತ್ತದೆ, ಅಮೆರಿಕದ ಚೆಸಾಪೀಕ್ ಕೊಲ್ಲಿಯಂತೆ. ನೋಟ್‌ಬುಕ್ ಅರ್ಧ ಬರೆದಾಗಿದೆ. ಉಬ್ಬು ಮಾತ್ರ ಇನ್ನೂ ತಪ್ಪು ಜಾಗದಲ್ಲಿ ಬರುತ್ತಿದೆ.