ಮೊದಲು ಪ್ರೈಮರ್, ಆಮೇಲೆ ರೈಫಲ್

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಬಂದೂಕಿನಿಂದ ಜಿಂಕೆ ಬೇಟೆಯಾಡುವ ಮುಖ್ಯ ಋತು ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೊದಲಿನ ಶನಿವಾರ ಆರಂಭವಾಗಿ ಒಂಬತ್ತು ದಿನ ನಡೆಯುತ್ತದೆ. ಈ ವರ್ಷ ಹದಿನಾಲ್ಕು ವರ್ಷದ ಮಗಳೂ ನನ್ನೊಡನೆ ಕಾಡಿಗೆ ಬರುವುದರಿಂದ ಮನೆಗೆ ಇನ್ನೊಂದು ರೈಫಲ್ ಬೇಕಾಯಿತು. ಯಾವ ತೋಟಾದ ರೈಫಲ್ ಕೊಳ್ಳಬೇಕು ಎಂದು ಯೋಚಿಸುವಾಗ ನಾನು ಗುಂಡಿನ ವೇಗದ ಕೋಷ್ಟಕಗಳನ್ನು ಬದಿಗಿಟ್ಟು, ಮನೆಯಲ್ಲೇ ತೋಟಾ ತುಂಬಿಕೊಳ್ಳಲು ಬೇಕಾದ ಸಾಮಾನುಗಳಲ್ಲಿ ಯಾವುದು ಅಂಗಡಿಯಲ್ಲಿ ನಿಜವಾಗಿ ಸಿಗುತ್ತದೆ ಎಂಬುದರಿಂದಲೇ ಲೆಕ್ಕ ಶುರು ಮಾಡಿದೆ. ಹಾಗೆ ಮಾಡಲು ಕಾರಣವಿತ್ತು.

2020ರಲ್ಲಿ ನನ್ನ ಬಳಿ ಇದ್ದದ್ದು 6.5 ಕ್ರೀಡ್‌ಮೂರ್ ಎಂಬ ತೋಟಾದ ರೈಫಲ್ ಮತ್ತು ಅದಕ್ಕೆಂದು ಆಸೆಪಟ್ಟು ಕೊಂಡ, ಲಾಪುವಾ ಕಂಪನಿಯ ಇನ್ನೂರು ಹಿತ್ತಾಳೆ ಕೇಸ್‌ಗಳು, ಅಂದರೆ ತೋಟಾದ ಹೊರಕವಚಗಳು. ಕತ್ತಿನ ಬಳಿ ಕಾಯಿಸಿದ ನೀಲಿ ಛಾಯೆ ಇನ್ನೂ ಮಾಸದ, ಕೈಯಲ್ಲಿ ಹಿಡಿದರೆ ಒಂದಕ್ಕೊಂದು ಗುಲಗಂಜಿಯಷ್ಟೂ ವ್ಯತ್ಯಾಸ ಕಾಣದ ಸರಕು ಅದು. ಆ ಕೇಸ್‌ಗಳ ತಳದಲ್ಲಿರುವ ಗುಳಿಯಲ್ಲಿ ಕೂರುವುದು 0.175 ಇಂಚು ವ್ಯಾಸದ ಸಣ್ಣ ರೈಫಲ್ ಪ್ರೈಮರ್, ಅಂದರೆ ಪೆಟ್ಟು ಬಿದ್ದಾಗ ಕಿಡಿ ಹುಟ್ಟಿಸಿ ಮದ್ದು ಹೊತ್ತಿಸುವ ಪುಟ್ಟ ಲೋಹದ ಬಟ್ಟಲು. ಆ ವರ್ಷ ಅಮೆರಿಕದ ಉದ್ದಗಲಕ್ಕೂ ಪ್ರೈಮರ್‌ಗಳು ಅಂಗಡಿಗಳಿಂದ ಮಾಯವಾದವು. ಹಿಂದೆ ಸಾವಿರಕ್ಕೆ 30–35 ಡಾಲರಿಗೆ ಸಿಗುತ್ತಿದ್ದದ್ದು ಸಿಕ್ಕಿದರೂ 80, 100 ಎನ್ನುವಂತಾಯಿತು. ಪಕ್ಕದ ಬೀದಿಯ ಗೆಳೆಯರೊಬ್ಬರು ತಮ್ಮ .30-06 ತೋಟಾದ ರೈಫಲ್ಲಿಗೆಂದು ಇಟ್ಟುಕೊಂಡಿದ್ದ ಸಾವಿರ ದೊಡ್ಡ ರೈಫಲ್ ಪ್ರೈಮರ್‌ಗಳಲ್ಲಿ ಕೆಲವು ನೂರನ್ನು ಕೊಡಲು ತಾವಾಗಿಯೇ ಮುಂದೆ ಬಂದರು. ಆದರೆ 0.210 ಇಂಚಿನ ಆ ಪ್ರೈಮರ್ ನನ್ನ ಕೇಸಿನ ಗುಳಿಯೊಳಗೆ ಇಳಿಯುವಂತಿರಲಿಲ್ಲ. ಅದೇ ಕ್ರೀಡ್‌ಮೂರ್‌ಗೆ ಹಾರ್ನಡಿ ಕಂಪನಿಯ ಕೇಸ್ ಕೊಂಡಿದ್ದರೆ ಅದರಲ್ಲಿ ದೊಡ್ಡ ಪ್ರೈಮರ್ ಕೂರುತ್ತಿತ್ತು. ಆ ನವೆಂಬರ್‌ನಲ್ಲಿ ನನ್ನ ರೈಫಲ್ ಕಪಾಟಿನಲ್ಲೇ ಉಳಿಯಿತು.

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆಯಲ್ಲಿ ಬೆಳೆ ಕಾಯುವುದಕ್ಕೆ ಲೈಸೆನ್ಸ್ ಪಡೆದ ಎರಡು ಕೋವಿಗಳಿದ್ದವು. ಒಂದು, ತೋಟಾ ಬೇಡದ, ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿ, ಇನ್ನೊಂದು ಜೋಡು ನಳಿಗೆಯ ತೋಟಾ ಕೋವಿ. ಚೆಂದವಿದ್ದದ್ದು ಜೋಡು ನಳಿಗೆ, ಆದರೆ ಗದ್ದೆ ಬದಿಯ ಮಾಳದಲ್ಲಿ ಅಜ್ಜನ ಕೈಯಲ್ಲಿರುತ್ತಿದ್ದದ್ದು ಕೇಪಿನ ಕೋವಿ. ತೋಟಾಗಳು ಲೈಸೆನ್ಸಿನಲ್ಲಿ ಬರೆದಷ್ಟೇ, ಅದೂ ಪೇಟೆಯ ಅಂಗಡಿಗೆ ಬಂದಾಗ ಮಾತ್ರ. "ತೋಟಾ ತೀರಿದ ಮೇಲೆ ಜೋಡು ನಳಿಗೆಯೂ ಒಂದೇ, ಒಲೆಯ ಊದುಗೊಳವೆಯೂ ಒಂದೇ" ಎಂದು ಅಜ್ಜ ಹೇಳುತ್ತಿದ್ದ ಮಾತು ಆ ಚಳಿಗಾಲದುದ್ದಕ್ಕೂ ನನಗೆ ನೆನಪಾಗುತ್ತಿತ್ತು.

ತೋಟಾ ಒಂದಕ್ಕೆ ಬೇಕಾದದ್ದು ನಾಲ್ಕು ವಸ್ತು: ಕೇಸ್, ಪ್ರೈಮರ್, ಮದ್ದು, ಗುಂಡು. ಇವುಗಳಲ್ಲಿ ಮನೆಯಲ್ಲಿ ಯಾವ ಉಪಾಯದಿಂದಲೂ ಮಾಡಿಕೊಳ್ಳಲಾಗದ, ಮಾಡಿಕೊಳ್ಳಬಾರದ ಎರಡು ವಸ್ತುಗಳೆಂದರೆ ಪ್ರೈಮರ್ ಮತ್ತು ಮದ್ದು. ಆದ್ದರಿಂದ ಆಯ್ಕೆ ಅಲ್ಲಿಂದಲೇ ಆರಂಭವಾಗಬೇಕು. ಅಮೆರಿಕದಲ್ಲಿ ಪ್ರೈಮರ್ ತಯಾರಿಸುವ ದೊಡ್ಡ ಹೆಸರುಗಳು ಸಿಸಿಐ, ಫೆಡರಲ್, ವಿಂಚೆಸ್ಟರ್, ರೆಮಿಂಗ್ಟನ್ ಎಂಬ ನಾಲ್ಕು ಮಾತ್ರ. ಬೇಡಿಕೆ ಏರಿದಾಗ ಆ ಕಾರ್ಖಾನೆಗಳು ತಮ್ಮದೇ ಸಿದ್ಧ ತೋಟಾಗಳಿಗೆ ಪ್ರೈಮರ್ ಹೊಂದಿಸಿಕೊಂಡ ಮೇಲೆ ಮಿಕ್ಕದ್ದು ನಮ್ಮಂಥವರಿಗೆ ಬರುತ್ತದೆ. ಪ್ರೈಮರ್ ಮತ್ತು ಮದ್ದನ್ನು ಕೊರಿಯರ್‌ನಲ್ಲಿ ತರಿಸಿದರೆ ಅಪಾಯಕಾರಿ ಸರಕಿನ ಪ್ರತ್ಯೇಕ ಶುಲ್ಕವೂ ಬೀಳುವುದರಿಂದ, ಕಾರಿನಲ್ಲಿ ಹೋಗಿ ತರಬಹುದಾದ ಅಂಗಡಿಯಲ್ಲಿ ಏನಿದೆ ಎಂಬುದೇ ನಿಜವಾದ ಪ್ರಶ್ನೆ.

ಮದ್ದಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಮದ್ದು ಉರಿಯುವ ವೇಗ ತೋಟಾದ ಗಾತ್ರಕ್ಕೂ ಗುಂಡಿನ ತೂಕಕ್ಕೂ ಹೊಂದಬೇಕು. ಕ್ರೀಡ್‌ಮೂರ್ ಜನಪ್ರಿಯವಾದಂತೆ ಅದಕ್ಕೆ ಒಪ್ಪುವ ಎಚ್ 4350 ಎಂಬ ಮದ್ದನ್ನು ಎಲ್ಲರೂ ಹುಡುಕತೊಡಗಿ, ಡಬ್ಬಿ ಬಂದ ದಿನವೇ ಖಾಲಿಯಾಗುತ್ತಿತ್ತು. ಆ ಮದ್ದು ಹಾಡ್ಜ್‌ಡನ್ ಕಂಪನಿಯ ಹೆಸರಿನಲ್ಲಿ ಮಾರಾಟವಾದರೂ ತಯಾರಾಗುವುದು ಆಸ್ಟ್ರೇಲಿಯಾದ ಮುಲ್ವಾಲಾದಲ್ಲಿ. ವಾರ್ಗೆಟ್ ಎಂಬ ಮದ್ದು ಕೂಡ ಅಲ್ಲಿಯದೇ. ಐಎಂಆರ್ 4064 ಬರುವುದು ಕೆನಡಾದ ಕ್ವಿಬೆಕ್ ಪ್ರಾಂತ್ಯದಿಂದ. ಉರುಟು ಕಾಳಿನ ವಿಂಚೆಸ್ಟರ್ 748 ತಯಾರಾಗುವುದು ಫ್ಲಾರಿಡಾದ ಸೇಂಟ್ ಮಾರ್ಕ್ಸ್‌ನಲ್ಲಿ. ಉಕ್ರೇನ್ ಯುದ್ಧ ಶುರುವಾದ ಮೇಲೆ ಫಿರಂಗಿ ಮದ್ದಿಗೂ ನಮ್ಮ ಮದ್ದಿಗೂ ಮೂಲವಾದ ನೈಟ್ರೋಸೆಲ್ಯುಲೋಸ್‌ಗೆ ಬೇಡಿಕೆ ಏರಿದ್ದರಿಂದ, ಒಂದೇ ಮೂಲವನ್ನು ನೆಚ್ಚಿಕೊಂಡವರಿಗೆ ಪೆಟ್ಟು ಹೆಚ್ಚು. .308 ವಿಂಚೆಸ್ಟರ್ ಎಂಬ ತೋಟಾಕ್ಕೆ ಮೇಲೆ ಹೇಳಿದ ವಾರ್ಗೆಟ್, 4064, 748 ಮೂರೂ ಒಪ್ಪುತ್ತವೆ. ಎಚ್ 4895, ಐಎಂಆರ್ 4895, ರೀಲೋಡರ್ 15 ಕೂಡ ಒಪ್ಪುತ್ತವೆ. ಮೂರು ದೇಶಗಳ ಕಾರ್ಖಾನೆಗಳಲ್ಲಿ ಒಂದು ನಿಂತರೂ ಇನ್ನೊಂದು ಕೈಹಿಡಿಯುತ್ತದೆ ಎಂಬ ಈ ಒಂದು ಗುಣಕ್ಕಾಗಿಯೇ ನಾನು .308ರ ಕಡೆ ವಾಲಿದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಎಚ್ 4350 ಮತ್ತು ಐಎಂಆರ್ 4350 ಎಂಬವುಗಳ ಸಂಖ್ಯೆ ಒಂದೇ ಆದರೂ ಮದ್ದು ಒಂದೇ ಅಲ್ಲ, ಒಂದರ ಅಳತೆಯನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. ಮದ್ದು, ಪ್ರೈಮರ್, ಗುಂಡು, ಕೇಸ್ ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಪ್ರಕಟಿತ ಕೈಪಿಡಿಯ ಆರಂಭಿಕ ಅಳತೆಗೆ ಹಿಂದಿರುಗಿ ಮತ್ತೆ ಹಂತಹಂತವಾಗಿ ಏರಬೇಕು. ಸಿಕ್ಕಿದ್ದರಲ್ಲಿ ಹೊಂದಿಸಿಕೊಳ್ಳುವುದು ಎಂದರೆ ಕೈಪಿಡಿಯೊಳಗೆ ಹೊಂದಿಸಿಕೊಳ್ಳುವುದೇ ಹೊರತು ಅಂದಾಜಿನ ಮೇಲೆ ಹೋಗುವುದಲ್ಲ.

ಮದ್ದಿನ ಖರ್ಚಿನ ಲೆಕ್ಕವೂ ಇದೆ. ಒಂದು ಪೌಂಡಿಗೆ 7000 ಗ್ರೇನ್. .308ಕ್ಕೆ ಸುಮಾರು 44 ಗ್ರೇನ್ ಹಿಡಿದರೆ ಒಂದು ಡಬ್ಬಿಯಲ್ಲಿ 159 ತೋಟಾ ಆಗುತ್ತವೆ, .30-06ಕ್ಕೆ 56 ಹಿಡಿದರೆ 125, .300 ವಿಂಚೆಸ್ಟರ್ ಮ್ಯಾಗ್ನಮ್‌ಗೆ 72 ಹಿಡಿದರೆ 97 ಮಾತ್ರ. ನಮ್ಮ ಕಾಡಿನಲ್ಲಿ ಜಿಂಕೆ ಕಾಣುವುದೇ ನೂರು ಗಜದ ಒಳಗೆ ಇರುವಾಗ ಮ್ಯಾಗ್ನಮ್‌ಗೆ ಮದ್ದು ಸುರಿಯುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. 1906ರಿಂದ ಬಳಕೆಯಲ್ಲಿರುವ .30-06 ನಿಜಕ್ಕೂ ಒಳ್ಳೆಯ ತೋಟಾ, ಅದೂ .308 ತೋಟಾವೂ ಒಂದೇ 0.308 ಇಂಚಿನ ಗುಂಡನ್ನು ಬಳಸುತ್ತವೆ. ಆ ಗುಂಡುಗಳು ಎಲ್ಲ ಅಂಗಡಿಯಲ್ಲೂ ಸಿಗುವುದರಿಂದ ಗುಂಡಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಕೇಸ್‌ಗಳ ವಿಷಯದಲ್ಲಿ .308ಕ್ಕೆ ಇನ್ನೊಂದು ಅನುಕೂಲವಿದೆ. 1952ರಲ್ಲಿ ಬಂದ ಈ ತೋಟಾವೇ ನಂತರ ಬಂದ .243 ಮತ್ತು 7 ಎಂಎಂ-08 ತೋಟಾಗಳಿಗೆ ಮೂಲ. ಮಗಳ ಭುಜಕ್ಕೆ .308ರ ಹಿನ್ನೂಕು ಜಾಸ್ತಿ ಎನಿಸಿದ್ದರಿಂದ .308 ನನಗೇ ಇಟ್ಟುಕೊಂಡು ಅವಳಿಗೆ 7 ಎಂಎಂ-08 ಆರಿಸಿದೆ. ಅದರ ಕೇಸ್ ಅಂಗಡಿಯಲ್ಲಿ ಇಲ್ಲದಿದ್ದರೆ .308ರ ಕೇಸನ್ನೇ ಅಚ್ಚಿಗೆ ಒತ್ತಿ ಕತ್ತನ್ನು 0.284 ಇಂಚಿನ ಗುಂಡಿಗೆ ತಕ್ಕಂತೆ ಕಿರಿದು ಮಾಡಬಹುದು. ಕತ್ತು ಕೂದಲೆಳೆಯಷ್ಟು ಗಿಡ್ಡವಾಗುತ್ತದೆ, ತೊಂದರೆಯಿಲ್ಲ. ಇಬ್ಬರ ರೈಫಲ್‌ಗೂ ಒಂದೇ ದೊಡ್ಡ ಪ್ರೈಮರ್, ವಾರ್ಗೆಟ್ ಮತ್ತು 4064 ಎರಡಕ್ಕೂ ನಡೆಯುತ್ತವೆ. ಮೊದಲ ಅಭ್ಯಾಸಕ್ಕೆ ಎಚ್ 4895 ಒಂದು ಡಬ್ಬಿ ತಂದಿದ್ದೇನೆ. ಕೈಪಿಡಿಯಲ್ಲಿ ಆ ಮದ್ದಿನ ಹೆಸರಿರುವ ತೋಟಾಗಳಿಗೆ ಗರಿಷ್ಠ ಅಳತೆಯ 60 ಶೇಕಡಾಕ್ಕಿಂತ ಕಡಿಮೆಯಾಗದಂತೆ ತಗ್ಗಿಸಬಹುದೆಂದು ಹಾಡ್ಜ್‌ಡನ್ ಕಂಪನಿಯೇ ಪ್ರಕಟಿಸಿದೆ. ಬೇರೆ ಮದ್ದುಗಳಿಗೆ ಈ ರಿಯಾಯಿತಿಯನ್ನು ಅನ್ವಯಿಸಬಾರದು.

ಗುರಿ ಅಭ್ಯಾಸದ ರೇಂಜಿನ ನೆಲದಲ್ಲಿ ಹೆಕ್ಕಿದ .308 ಕೇಸ್‌ಗಳನ್ನು ನಾನು ಹಾಗೆಯೇ ಬಳಸುವುದಿಲ್ಲ. ಕಾಗದದ ಕ್ಲಿಪ್ಪನ್ನು ನೇರ ಮಾಡಿ, ತುದಿಯನ್ನು ಕೊಕ್ಕೆಯಂತೆ ಬಾಗಿಸಿ, ಕೇಸಿನ ಒಳಗೆ ತಳದವರೆಗೆ ಇಳಿಸಿ ಗೋಡೆಗೆ ಒತ್ತಿ ಮೇಲೆಳೆಯುತ್ತೇನೆ. ತಳದಿಂದ ಸ್ವಲ್ಪ ಮೇಲೆ ಕೊಕ್ಕೆ ಎಲ್ಲಾದರೂ ತಡೆದು ನಿಂತರೆ ಅಲ್ಲಿ ಹಿತ್ತಾಳೆ ಒಳಗಿನಿಂದ ತೆಳುವಾಗಿದೆ ಎಂದರ್ಥ, ಆ ಕೇಸ್ ಗುಜರಿಗೆ. ಸೈನ್ಯದ 7.62 ಕೇಸ್‌ಗಳ ಗೋಡೆ ದಪ್ಪವಾಗಿ ಒಳಗಿನ ಜಾಗ ಕಡಿಮೆ ಇರುವುದರಿಂದ ಅವನ್ನು ಬೇರೆಯೇ ಇಟ್ಟು ಅಳತೆಯನ್ನು ಕೆಳಗಿನಿಂದ ಹೊಸದಾಗಿ ಶುರು ಮಾಡುತ್ತೇನೆ.

.308ರಿಂದ ಮಾಡಿದ 7 ಎಂಎಂ-08 ಕೇಸಿನ ತಳದಲ್ಲಿ ಕೆತ್ತಿರುವ ಹೆಸರು .308 ಎಂದೇ ಉಳಿಯುತ್ತದೆ. ಅದು ನನ್ನ .308 ರೈಫಲ್ಲಿನೊಳಗೆ ಸಲೀಸಾಗಿ ಕೂರುವ ಅಪಾಯವಿರುವುದರಿಂದ ಎರಡು ರೈಫಲ್‌ಗಳ ತೋಟಾಗಳನ್ನು ಒಂದೇ ಹೊತ್ತಿನಲ್ಲಿ ಮೇಜಿನ ಮೇಲೆ ಇಡುವುದಿಲ್ಲ. ಮಗಳು ತನ್ನ ಕೆಂಪು ಡಬ್ಬಿಯ ಮುಚ್ಚಳದ ಮೇಲೆ "ಏಳು ಸೊನ್ನೆ ಎಂಟು" ಎಂದು ದಪ್ಪ ಅಕ್ಷರದಲ್ಲಿ ಬರೆದು, ತುಂಬಿದ ದಿನಾಂಕ, ಮದ್ದಿನ ಹೆಸರು ಮತ್ತು ಲಾಟ್ ಸಂಖ್ಯೆಯನ್ನು ಕೆಳಗೆ ಸೇರಿಸಿದ್ದಾಳೆ. ಅದರೊಳಗಿನ ಮೊದಲ ಇಪ್ಪತ್ತು ತೋಟಾಗಳೊಂದಿಗೆ ಮುಂದಿನ ಭಾನುವಾರ ಬೆಳಿಗ್ಗೆ ರೇಂಜಿಗೆ ಹೋಗುತ್ತಿದ್ದೇವೆ.