ಹಳ್ಳದ ದಂಡೆಯ ಬಿದಿರು

ಹಾಸನ ಜಿಲ್ಲೆಯ ಆಲೂರು ಕಡೆ ನಮ್ಮ ಕಾಫಿ ತೋಟ ಮುಗಿದು ಗದ್ದೆ ಶುರುವಾಗುವ ಮುಂಚೆ ಒಂದು ಸಣ್ಣ ಹಳ್ಳ ಇದೆ. ದಂಡೆ ತುಂಬ ಬಿದಿರು, ಬೈನೆ, ಹೊಂಗೆ. ಯಾರೂ ನೆಟ್ಟಿದ್ದಲ್ಲ. ಮೂರು ವರ್ಷದ ಹಿಂದೆ ಅದರ ಪಕ್ಕದ ಹೊಲವನ್ನು ಶುಂಠಿಗೆ ಗುತ್ತಿಗೆ ಕೊಟ್ಟೆವು. ಒಂದಿಷ್ಟು ಜಾಗ ಜಾಸ್ತಿ ಸಿಗುತ್ತೆ ಅಂತ ದಂಡೆಯ ಬಿದಿರು ತೆಗೆದು, ನೀರಿನ ಅಂಚಿನವರೆಗೂ ಸೋಲಾರ್ ಬೇಲಿ ಹಾಕುವುದಕ್ಕೆ ಹೂಂ ಅಂದವನು ನಾನೇ.

ಆ ನವೆಂಬರ್‌ನಲ್ಲಿ ಒಂದು ದಿನ ಬೆಳಿಗ್ಗೆ ಆರಕ್ಕೇ ವಾಟ್ಸಾಪ್‌ನಲ್ಲಿ ಸುದ್ದಿ ಬಂತು. ಆನೆಗಳು ಮೇಲಿನ ತೋಟದಲ್ಲಿವೆ, ಯಾರೂ ಕೆಲಸಕ್ಕೆ ಹೋಗಬೇಡಿ ಅಂತ. ನಮ್ಮ ಕಡೆ ಕೆಲವು ಹೆಣ್ಣಾನೆಗಳಿಗೆ ಅರಣ್ಯ ಇಲಾಖೆ ರೇಡಿಯೋ ಕಾಲರ್ ಹಾಕಿದೆ, ಹಾಗಾಗಿ ಗುಂಪು ಎಲ್ಲಿದೆ ಅಂತ ಬೇಗ ತಿಳಿಯುತ್ತದೆ. ಹಗಲೆಲ್ಲ ಅವು ಕಾಫಿಯ ನೆರಳಲ್ಲಿ ನಿಂತಿದ್ದು, ಕತ್ತಲಾಗುವ ಹೊತ್ತಿಗೆ ಹೊರಡುತ್ತವೆ. ಅವತ್ತು ಸಂಜೆ ನಾವೆಲ್ಲ ಮನೆಯ ತಾರಸಿ ಮೇಲೆ ಉಸಿರು ಬಿಗಿ ಹಿಡಿದು ಕೂತಿದ್ದೆವು.

ಆರು ಆನೆ, ಜೊತೆಗೊಂದು ಮರಿ. ಹಳ್ಳದ ಗುಂಟವೇ ಇಳಿದು ಬಂದವು. ಬೇಲಿಯ ಹತ್ತಿರ ಮುಂದಿನ ಹೆಣ್ಣಾನೆ ನಿಂತಿತು. ಸೊಂಡಿಲು ಎತ್ತಿ ಮೂಸಿತು. ತುಂಬಾ ಹೊತ್ತು ಹಾಗೇ ನಿಂತಿದ್ದು, ಆಮೇಲೆ ನಿಧಾನಕ್ಕೆ ಬಲಕ್ಕೆ ತಿರುಗಿ, ಬೇಲಿ ಬಳಸಿಕೊಂಡು, ತೆನೆ ಬಲಿತ ನಮ್ಮ ಗದ್ದೆಯ ನಡುವೆಯೇ ನಡೆದುಕೊಂಡು ಹೋಯಿತು. ಉಳಿದವು ಅದರ ಹಿಂದೆ. ಮರಿ ಕೆಸರಲ್ಲಿ ಜಾರಿದಾಗ ಎಲ್ಲವೂ ಕಾದವು. ತಿಂದದ್ದಕ್ಕಿಂತ ತುಳಿದದ್ದೇ ಜಾಸ್ತಿ.

ಬೆಳಿಗ್ಗೆ ಹೆಜ್ಜೆ ನೋಡುತ್ತಾ ನಿಂತಿದ್ದಾಗ, ಅಪ್ಪನ ಕಾಲದಿಂದಲೂ ತೋಟದಲ್ಲಿರುವ ಅಜ್ಜ ಅಂದರು, ‘ಅವು ದಾರಿ ತಪ್ಪಿಲ್ಲ ಕಣಪ್ಪ. ಹಳ್ಳದಲ್ಲೇ ಹೋಗ್ತಿದ್ವು. ನೀನು ಬಾಗಿಲು ಹಾಕಿದೆ.’

ಅವರ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. 2014ರಲ್ಲಿ ಆಲೂರು, ಸಕಲೇಶಪುರ ಸುತ್ತಮುತ್ತ 22 ಆನೆ ಹಿಡಿದು ಸಾಗಿಸಿದರು. ಇನ್ನು ಮುಗೀತು ಅಂದುಕೊಂಡೆವು, ಆದರೆ ಆಮೇಲೂ ಆನೆ ಬಂದವು. ದಾರಿ ಇದ್ದಮೇಲೆ ನಡೆಯುವವರು ಬರ್ತಾರೆ ಅಲ್ವಾ? ಆನೆ ಓಡಾಡುವ ಕಾರಿಡಾರ್ ಅಂದರೆ ಎರಡು ದೊಡ್ಡ ಕಾಡಿನ ನಡುವಿನ ಪಟ್ಟಿ ಮಾತ್ರ ಅಂತ ನಾನು ತಿಳಿದಿದ್ದೆ. ನಮ್ಮ ಹಳ್ಳ, ಪಕ್ಕದವರ ತೋಟದ ನೆರಳು, ಊರಾಚೆಯ ದೇವರಕಾಡು, ಇವೂ ಸೇರಿಯೇ ಒಂದು ದಾರಿ. ನಡುವೆ ಒಂದು ಕಡೆ ಕಡಿದರೆ ಸಾಕು, ಪ್ರಾಣಿ ಬಯಲಿಗೆ ಬಂದು ನಮ್ಮೆದುರು ನಿಲ್ಲುತ್ತದೆ. ಆಗ ಅವಕ್ಕೂ ಭಯ, ನಮಗೂ ಭಯ. ನಮ್ಮ ಕಡೆ ಆನೆ ತುಳಿದು ಸತ್ತವರ ಮನೆಗಳಿಗೆ ನಾನು ಹೋಗಿ ಬಂದಿದ್ದೇನೆ, ಹಾಗಾಗಿ ಇದನ್ನು ಸುಮ್ನೆ ಹೇಳುತ್ತಿಲ್ಲ.

ಶುಂಠಿ ಕಿತ್ತ ಮೇಲೆ ಬೇಲಿಯನ್ನು ದಂಡೆಯಿಂದ ನಲವತ್ತು ಅಡಿ ಹಿಂದಕ್ಕೆ ತಂದೆವು. ನೆಟ್ಟಿದ್ದೇನೂ ಇಲ್ಲ, ಬಿಟ್ಟೆವು ಅಷ್ಟೇ. ಮೊದಲ ಮಳೆಗೇ ಕಳಲೆ ಎದ್ದಿತು. ಈಗ ಹಳ್ಳದ ಬಂಡೆ ಮೇಲೆ ನೀರುನಾಯಿಯ ಹಿಕ್ಕೆ ಕಾಣುತ್ತದೆ, ಒಳಗೆಲ್ಲ ಏಡಿ ಚಿಪ್ಪಿನ ಚೂರು. ಮುಳ್ಳುಹಂದಿಯ ಮುಳ್ಳು ಸಿಕ್ಕರೆ ಮಗಳು ಎತ್ತಿಟ್ಟುಕೊಳ್ಳುತ್ತಾಳೆ. ಹೋದ ನವೆಂಬರ್‌ನಲ್ಲಿ ಆನೆಗಳು ರಾತ್ರಿ ಹಾದುಹೋದವು. ಲದ್ದಿ ಬಿದ್ದಿದ್ದು ಹಳ್ಳದ ಗುಂಟವೇ. ಗದ್ದೆಯಲ್ಲಿ ಒಂದು ಮೂಲೆ ಮಾತ್ರ ಹೋಗಿತ್ತು.

ಕೆಳಗಿನ ಹೊಲದವರ ಬೇಲಿ ಇನ್ನೂ ನೀರಿಗೆ ತಾಗಿಕೊಂಡೇ ಇದೆ. ಎರಡು ಸಲ ಹೋಗಿ ಮಾತಾಡಿದ್ದೇನೆ. ಈ ಭಾನುವಾರ ಅಜ್ಜನನ್ನೂ ಕರೆದುಕೊಂಡು ಹೋಗುತ್ತೇನೆ.