ಎದುರುಪಕ್ಷಕ್ಕೂ ಮಾತಿರುವ ಕಾದಂಬರಿಗಳು

ಶಿವಮೊಗ್ಗ, 14 ಜುಲೈ 2024, ಭಾನುವಾರ

ರಾಜಕೀಯ ತಂತ್ರಗಾರಿಕೆಯೂ ಧರ್ಮಸಂಕಟವೂ ತುಂಬಿದ ದೊಡ್ಡ ಫ್ಯಾಂಟಸಿ ಕಾದಂಬರಿಗಳನ್ನು ಹುಡುಕಿಕೊಳ್ಳುವುದು ಹೇಗೆ ಎಂದು ಕಾಲೇಜಿಗೆ ಹೋಗುವ ನನ್ನ ಸೋದರಸೊಸೆ ಕೇಳಿದ್ದಾಳೆ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಸರಣಿಯ ಐದೂ ಸಂಪುಟಗಳನ್ನು ಅವಳು ಓದಿ ಮುಗಿಸಿದ್ದಾಳೆ. 1996ರಲ್ಲಿ ಆರಂಭವಾದ ಆ ಸರಣಿಯ ಐದನೆಯ ಸಂಪುಟ 2011ರಲ್ಲಿ ಬಂದಿತು, ಆರನೆಯದು ಇನ್ನೂ ಬಂದಿಲ್ಲ. ಹಾಗಾಗಿ ಅಂಥದ್ದು ಬೇರೆ ಯಾವುದಿದೆ ಎಂಬ ಪ್ರಶ್ನೆ ಸಹಜವೇ. ನಾಲ್ಕು ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಹೆಸರುಗಳಿಗಿಂತ ಆರಿಸುವ ಬಗೆ ಮುಖ್ಯವೆಂದು ತೋರಿದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮಲೆನಾಡಿನಲ್ಲಿ ಮಳೆಗಾಲವೆಂದರೆ ತಾಳಮದ್ದಳೆಯ ಕಾಲ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಪದ್ಯವನ್ನೇ ಆಧಾರವಾಗಿಟ್ಟುಕೊಂಡು, ಪಾತ್ರಗಳ ಮಾತನ್ನು (ಅದೇ ‘ಅರ್ಥ’) ಆಡುವ ಅರ್ಥಧಾರಿಗಳು ಎದುರುಬದುರು ಕುಳಿತು ವಾದಿಸುತ್ತಾರೆ. ವಾಲಿವಧೆಯ ಪ್ರಸಂಗದಲ್ಲಿ ವಾಲಿಯ ಪ್ರಶ್ನೆಗೆ ರಾಮನು ಉತ್ತರ ಕೊಡಲೇಬೇಕು. ಕೃಷ್ಣಸಂಧಾನದಲ್ಲಿ ಕೌರವನ ಅರ್ಥ ಹೇಳುವವರು, ಐದು ಊರನ್ನೂ ಕೊಡಲಾರೆನೆಂಬ ನಿಲುವಿಗೆ ಒಬ್ಬ ಅರಸನಲ್ಲಿ ಇರಬಹುದಾದ ಕಾರಣಗಳನ್ನೆಲ್ಲ ಮುಂದಿಡದೆ ಹೋದರೆ ಕೂಟವೇ ಸಪ್ಪೆಯಾಗುತ್ತದೆ. ಕಥೆಯ ಕೊನೆ ಎಲ್ಲರಿಗೂ ಗೊತ್ತಿದ್ದರೂ, ಆ ಗಳಿಗೆಯಲ್ಲಿ ಯಾರ ಮಾತು ನ್ಯಾಯವೆಂದು ಕೇಳುಗರು ತಡವರಿಸುವುದೇ ಅಲ್ಲಿಯ ಸುಖ. ಫ್ಯಾಂಟಸಿ ಕಾದಂಬರಿಗಳನ್ನು ಆರಿಸುವಾಗಲೂ ನಾನು ಬಳಸುವ ಅಳತೆ ಇದೊಂದೇ: ಸೋಲಬೇಕಾದ ಪಕ್ಷದ ಅರ್ಥವನ್ನು ಲೇಖಕರು ಗಟ್ಟಿಯಾಗಿ ಹೇಳಿಸಿದ್ದಾರೆಯೇ?

ಇದನ್ನು ಹೊದಿಕೆಯ ಹಿಂಬದಿಯ ಬರಹದಿಂದ ತಿಳಿಯಲಾಗದು. ಅಲ್ಲಿ ಭವಿಷ್ಯವಾಣಿ, ಖಡ್ಗ, ಕತ್ತಲೆಯ ಒಡೆಯ ಎಂಬ ಮಾತುಗಳೇ ಇರುತ್ತವೆ. ಆದ್ದರಿಂದ ಪುಸ್ತಕದ ನಡುವೆ ಎಲ್ಲಾದರೂ ಮಂತ್ರಾಲೋಚನೆಯ ಅಧ್ಯಾಯವೊಂದನ್ನು ಹುಡುಕಿ ಓದಬೇಕು. ದಂಡಿಗೆ ಧಾನ್ಯ ಎಲ್ಲಿಂದ ಬರುತ್ತದೆ, ಬೊಕ್ಕಸ ಯಾರ ಸಾಲದಲ್ಲಿದೆ, ಮದುವೆಯಿಂದ ಯಾವ ಗಡಿ ಕದಲುತ್ತದೆ ಎಂಬ ವಿಚಾರಗಳು ಅಲ್ಲಿ ಬಂದರೆ, ಮತ್ತು ಮಾತನಾಡುವ ಇಬ್ಬರಲ್ಲಿ ಯಾರೂ ಮೂರ್ಖರಲ್ಲದಿದ್ದರೆ, ಆ ಪುಸ್ತಕವನ್ನು ಧೈರ್ಯದಿಂದ ಕೊಳ್ಳಬಹುದು.

ಈ ಅಳತೆಯಲ್ಲಿ ನನಗೆ ಎಲ್ಲಕ್ಕಿಂತ ಮೇಲೆ ನಿಲ್ಲುವುದು ಗೈ ಗೇವ್ರಿಯಲ್ ಕೇ ಅವರು 1990ರಲ್ಲಿ ಪ್ರಕಟಿಸಿದ ‘ಟಿಗಾನಾ’. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಮಾಂತ್ರಿಕ ದೊರೆ ಬ್ರಾಂಡಿನ್, ತಾನು ಗೆದ್ದ ಟಿಗಾನಾ ನಾಡಿನ ಹೆಸರನ್ನೇ ಲೋಕದ ಕಿವಿಯಿಂದ ಅಳಿಸಿಬಿಡುತ್ತಾನೆ. ಶಾಪಕ್ಕೆ ಮುಂಚೆ ಅಲ್ಲಿ ಹುಟ್ಟಿದವರಿಗಲ್ಲದೆ ಬೇರೆ ಯಾರಿಗೂ ಆ ಹೆಸರು ಕೇಳಿಸದು. ಅವರು ಸತ್ತರೆ ನಾಡೂ ಸತ್ತಂತೆ. ಇದಕ್ಕಿಂತ ಘೋರವಾದ ಪ್ರತೀಕಾರವನ್ನು ನಾನು ಓದಿಲ್ಲ. ಆದರೂ ಅದೇ ಬ್ರಾಂಡಿನ್ ಸಂಗೀತ ಬಲ್ಲವನು, ಮಗನಿಗಾಗಿ ಅಳುವ ತಂದೆ. ಅವನನ್ನು ಕೊಲ್ಲಲೆಂದೇ ಅಂತಃಪುರ ಸೇರಿದ ಡಯನೋರಾ ಅವನನ್ನು ಪ್ರೀತಿಸತೊಡಗುತ್ತಾಳೆ, ಮತ್ತು ಓದುಗರಿಗೆ ಅವಳ ಮೇಲೆ ಸಿಟ್ಟು ಮಾಡಲು ಆಗುವುದಿಲ್ಲ. ಇತ್ತ ನಾಡನ್ನು ಮರಳಿ ಪಡೆಯಲು ಹೊರಟ ರಾಜಕುಮಾರ ಅಲೆಸ್ಸಾನ್, ಸ್ವಾತಂತ್ರ್ಯದ ಹೆಸರಿನಲ್ಲಿಯೇ ಇನ್ನೊಬ್ಬ ಮಾಂತ್ರಿಕನನ್ನು ಅವನ ಇಚ್ಛೆಗೆ ವಿರುದ್ಧವಾಗಿ ತನ್ನ ಕಟ್ಟಿಗೆ ಒಳಪಡಿಸುತ್ತಾನೆ. ತಂತ್ರಗಾರಿಕೆಯ ಹೆಣಿಗೆಯೂ ಅಷ್ಟೇ ಬಿಗಿಯಾಗಿದೆ. ಪರ್ಯಾಯದ್ವೀಪವನ್ನು ಇಬ್ಬರು ಸರ್ವಾಧಿಕಾರಿಗಳು ಹಂಚಿಕೊಂಡಿರುವುದರಿಂದ ಒಬ್ಬನನ್ನು ಮಾತ್ರ ಕೊಂದರೆ ಇಡೀ ನೆಲ ಇನ್ನೊಬ್ಬನ ಪಾಲಾಗುತ್ತದೆ. ಇಬ್ಬರೂ ಒಟ್ಟಿಗೇ ಬೀಳಬೇಕು.

ಡೇನಿಯಲ್ ಅಬ್ರಹಾಂ ಅವರ ನಾಲ್ಕು ಸಂಪುಟಗಳ ‘ಲಾಂಗ್ ಪ್ರೈಸ್’ ಸರಣಿ (2006ರಿಂದ 2009) ಇಷ್ಟು ಪ್ರಸಿದ್ಧವಲ್ಲ, ಆದರೆ ಅದರಲ್ಲಿ ಮಾಯೆಯೇ ಅರ್ಥವ್ಯವಸ್ಥೆಯಾಗಿದೆ. ಅಲ್ಲಿ ಕವಿಗಳು ಒಂದು ಪರಿಕಲ್ಪನೆಯನ್ನು ಮಾತಿನಲ್ಲಿ ಕಟ್ಟಿಹಾಕಿ ಅದಕ್ಕೆ ಮನುಷ್ಯರೂಪ ಕೊಡುತ್ತಾರೆ. ಅಂಥದೊಂದು ಜೀವಿ ಹತ್ತಿಯಿಂದ ಬೀಜವನ್ನು ಕ್ಷಣದಲ್ಲಿ ಬೇರ್ಪಡಿಸಬಲ್ಲದು. ಒಂದು ನಗರದ ಸಿರಿವಂತಿಕೆಯೆಲ್ಲ ಅದರ ಮೇಲೆ ನಿಂತಿದೆ. ಅಡಿಕೆಯ ಧಾರಣೆ ಇಳಿದರೆ ಮನೆಮನೆಯ ಮದುವೆಗಳೇ ಮುಂದಕ್ಕೆ ಹೋಗುವ ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಜೀವಿಗೆ ಮನಸ್ಸಿದೆ, ಬಂಧನದ ಮೇಲೆ ದ್ವೇಷವಿದೆ. ಪರದೇಶದ ವ್ಯಾಪಾರಿಗಳು ಅದರೊಡನೆ ಸೇರಿ ಅಮಾಯಕ ಹೆಂಗಸೊಬ್ಬಳ ಗರ್ಭಕ್ಕೆ ಕೈಯಿಡುತ್ತಾರೆ. ಅದೇ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವ ಮುದುಕಿ ಅಮಾತ್ ಕ್ಯಾನ್‌ಗೆ ವಿಷಯ ತಿಳಿಯುತ್ತದೆ. ಸತ್ಯ ಹೊರಬಿದ್ದರೆ ಆ ಹೆಂಗಸಿಗೆ ನ್ಯಾಯ ಸಿಕ್ಕೀತು, ಆದರೆ ಸೇಡಿಗಾಗಿ ಇಡೀ ದೇಶವೊಂದು ನಾಶವಾಗಲೂಬಹುದು. ಇಲ್ಲಿ ಸರಿಯಾದ ದಾರಿ ಯಾವುದೆಂದು ನಾನು ಇಂದಿಗೂ ತೀರ್ಮಾನಿಸಿಲ್ಲ.

ಸೇತ್ ಡಿಕಿನ್ಸನ್ ಅವರ 2015ರ ಕಾದಂಬರಿಯ ಬಾರು ಕಾರ್ಮೊರಂಟ್ ಕೂಡ ಲೆಕ್ಕಿಗಳೇ. ತನ್ನ ದ್ವೀಪವನ್ನು ನಾಣ್ಯ, ಶಾಲೆ, ಔಷಧಗಳಿಂದಲೇ ನುಂಗಿದ ಸಾಮ್ರಾಜ್ಯವನ್ನು ಒಳಗಿನಿಂದ ಉರುಳಿಸಲು ಅವಳು ಅದರ ಅಧಿಕಾರಿಯಾಗುತ್ತಾಳೆ. ಇದಕ್ಕೆ ಪೂರಾ ಬೇರೆ ದಿಕ್ಕಿನದು ಕ್ಯಾಥರೀನ್ ಆ್ಯಡಿಸನ್ ಅವರ ‘ದ ಗಾಬ್ಲಿನ್ ಎಂಪರರ್’ (2014): ಬಹಿಷ್ಕೃತನಾಗಿ ಬೆಳೆದ ಹುಡುಗನೊಬ್ಬ ಅನಿರೀಕ್ಷಿತವಾಗಿ ಪಟ್ಟವೇರಿ, ಸಂಚುಗಳ ನಡುವೆಯೂ ಸಜ್ಜನನಾಗಿಯೇ ಉಳಿಯಲು ಹೆಣಗುತ್ತಾನೆ. ಎಲ್ಲರೂ ಕೆಟ್ಟವರಾಗಿರುವುದೇ ನೈತಿಕ ಸಂಕೀರ್ಣತೆ ಎಂದುಕೊಂಡವರು ಇದನ್ನು ಓದಬೇಕು. ಪುಟಪುಟಕ್ಕೂ ಹಿಂಸೆ ತುಂಬಿದ ಎಷ್ಟೋ ದಪ್ಪ ಪುಸ್ತಕಗಳಲ್ಲಿ ಯಾರಿಗೂ ಆಯ್ಕೆಯೇ ಇರುವುದಿಲ್ಲ, ಆಯ್ಕೆಯಿಲ್ಲದಲ್ಲಿ ಸಂಕಟವೆಲ್ಲಿಯದು?

ಕನ್ನಡದ ಓದುಗರಿಗೆ ಈ ರುಚಿ ಹೊಸದಲ್ಲ ಎಂಬುದನ್ನೂ ಅವಳಿಗೆ ಹೇಳಬೇಕು. ಕೆಂಪುನಾರಾಯಣನ ‘ಮುದ್ರಾಮಂಜೂಷ’ 1823ರ ಗದ್ಯಕೃತಿ. ವಿಶಾಖದತ್ತನ ನಾಟಕದ ಕಥೆಯೇ ಅದರ ಬೆನ್ನೆಲುಬು. ಅಲ್ಲಿ ಚಾಣಕ್ಯನಿಗೆ ಬೇಕಾದದ್ದು ರಾಕ್ಷಸನೆಂಬ ಹೆಸರಿನ ನಂದರ ಅಮಾತ್ಯನ ತಲೆಯಲ್ಲ, ಅವನ ನಿಷ್ಠೆ. ರಾಕ್ಷಸನ ಸಂಸಾರಕ್ಕೆ ಆಶ್ರಯ ಕೊಟ್ಟ ಗೆಳೆಯ ಚಂದನದಾಸನನ್ನು ವಧ್ಯಸ್ಥಾನಕ್ಕೆ ಎಳೆಸಿ, ಆ ಸ್ನೇಹವನ್ನೇ ಬಲೆಯಾಗಿಸಿ, ಚಾಣಕ್ಯನು ಅವನನ್ನು ಚಂದ್ರಗುಪ್ತನ ಮಂತ್ರಿಯಾಗಿಸುತ್ತಾನೆ. ಗೆದ್ದವನ ಜಾಣತನಕ್ಕಿಂತ ಸೋತವನ ಸಜ್ಜನಿಕೆಯೇ ದೊಡ್ಡದಾಗಿ ಕಾಣುವ ಕಥೆಯಿದು. ಪಂಪನಾದರೋ 941ರಲ್ಲಿಯೇ, ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಬರೆದ ಕಾವ್ಯದಲ್ಲಿ, ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎಂದು ಹೇಳಬಲ್ಲವನಾಗಿದ್ದ.

ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೂ ಇಂಥ ಗಂಟುಗಳಿವೆ. ಔರಂಗಜೇಬನ ಕಡೆಯವರು ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿಯ ಚೆನ್ನಮ್ಮ 1689ರಲ್ಲಿ ಆಶ್ರಯ ಕೊಟ್ಟಾಗ, ಶರಣಾಗತನ ರಕ್ಷಣೆಯೂ ಪ್ರಜೆಗಳ ರಕ್ಷಣೆಯೂ ಎದುರುಬದುರಾಗಿ ನಿಂತಿದ್ದವು. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರಿನ ಮೇಲೆ ಬಂದಾಗ, ಸತ್ತನೆನ್ನಲಾದ ದೊರೆ ಚೆನ್ನಬಸವನಾಯಕ ತಾನೇ ಎಂದು ಹೇಳಿಕೊಂಡವನೊಬ್ಬ ಅವನ ಪಾಳೆಯದಲ್ಲಿದ್ದ. ಅಧಿಕಾರದಲ್ಲಿದ್ದ ರಾಣಿ ವೀರಮ್ಮಾಜಿ, ಆ ಹಕ್ಕುದಾರ, ಅವನನ್ನು ಮುಂದಿಟ್ಟುಕೊಂಡು ಬಂದ ಸೇನಾನಿ, ಈ ಮೂವರಿಗೂ ಸಮನಾದ ಅರ್ಥ ಹೇಳಿಸಿದ ದೊಡ್ಡ ಕಾದಂಬರಿಯೊಂದನ್ನು ಕನ್ನಡದಲ್ಲಿ ಓದುವ ಆಸೆ ನನ್ನದು.

ಸದ್ಯಕ್ಕೆ ಅವಳಿಗೆ ‘ಟಿಗಾನಾ’ವನ್ನೇ ಕಳುಹಿಸುತ್ತೇನೆ, ಒಂದೇ ಸಂಪುಟದಲ್ಲಿ ಕಥೆ ಮುಗಿಯುವುದರಿಂದ ಮುಂದಿನದಕ್ಕೆ ವರ್ಷಗಟ್ಟಲೆ ಕಾಯಬೇಕಾಗಿಲ್ಲ. ಓದಿ ಮುಗಿಸಿದ ಮೇಲೆ ಡಯನೋರಾಳ ಪರವಾಗಿ ಅವಳು ಅರ್ಥ ಹೇಳಲಿ, ಅಲೆಸ್ಸಾನನ ಪರವಾಗಿ ನಾನು ಹೇಳುತ್ತೇನೆ.